ಪಕ್ಕದ ಹೊಲದವರ ಜೊತೆ ಜಮೀನು ಅದಲು ಬದಲು: ಬಾಯಿಮಾತಿನಿಂದ ಪಹಣಿವರೆಗೆ

ನಮ್ಮ ತೋಟದ ಪಡುವಣ ಬದು ನೇರವಾಗಿರಲಿಲ್ಲ. ನಡುವೆ ಪಕ್ಕದವರ ಹೊಲದ ಒಂದು ಮೂಲೆ ಒಳಗೆ ನುಗ್ಗಿಕೊಂಡಿತ್ತು. ನಮ್ಮದೂ ಒಂದು ತುಂಡು ಅವರ ಕೊಳವೆಬಾವಿ ಹತ್ತಿರ ಸಿಕ್ಕಿಕೊಂಡಿತ್ತು. ನನ್ನ ತಾತ, ಅವರ ತಾತ ಒಂದು ದಿನ ಬೇವಿನ ಮರದ ಕೆಳಗೆ ಕೂತು, "ಇದನ್ನ ನೀನು ಉಳ್ಕೋ, ಅದನ್ನ ನಾನು ಉಳ್ಕೋತೀನಿ" ಅಂದುಕೊಂಡರಂತೆ. ಎಲೆ ಅಡಿಕೆ ಹಾಕಿಕೊಂಡು ಎದ್ದರಂತೆ. ಅಷ್ಟೇ. ಆಮೇಲೆ ಸುಮಾರು 40 ವರ್ಷ ಎರಡೂ ಮನೆಯವರು ಹಾಗೇ ಉಳುಮೆ ಮಾಡಿದೆವು. ಒಂದು ಜಗಳ ಇಲ್ಲ.

ಕಷ್ಟ ಶುರುವಾಗಿದ್ದು ಸಾಲಕ್ಕೆ ಹೋದಾಗ. ನಾವು ತೆಂಗು ನೆಟ್ಟ ಜಾಗ ಪಹಣಿಯಲ್ಲಿ, ಅಂದರೆ ಜಮೀನು ಯಾರದು ಅಂತ ತೋರಿಸುವ ಸರ್ಕಾರಿ ದಾಖಲೆಯಲ್ಲಿ, ಇನ್ನೂ ಅವರ ಹೆಸರಲ್ಲೇ ಇತ್ತು. ಅವರ ಕೊಳವೆಬಾವಿಯ ಕತೆಯೂ ಇದೇ. ಪಂಪು ಅವರದು, ಅದು ನಿಂತ ನೆಲ ನಮ್ಮದು! ಇದನ್ನು ಸರಿ ಮಾಡಿಕೊಳ್ಳಲು ನಮಗೆ ಎಂಟು ತಿಂಗಳು ಬೇಕಾಯಿತು. ಅದರಲ್ಲಿ ಅರ್ಧ ಕಾಲ ಹೋಗಿದ್ದು ನಾವು ಹಿಂದುಮುಂದಾಗಿ ಕೆಲಸ ಮಾಡಿದ್ದಕ್ಕೆ. ಮೊದಲು ಪತ್ರ ಬರೆಸಲು ಓಡಿದೆವು, ಅಳತೆ ಆಮೇಲೆ ಅಂದುಕೊಂಡೆವು. ನೀವು ಹಾಗೆ ಮಾಡಬೇಡಿ. ಮೊದಲು ದಾಖಲೆ, ಆಮೇಲೆ ಅಳತೆ, ಆಮೇಲೆ ಪತ್ರ, ಕೊನೆಗೆ ಖಾತೆ, ಅಂದರೆ ಪಹಣಿಯಲ್ಲಿ ಹೆಸರು ಬದಲಾಗುವುದು. ಇಲ್ಲಿ ಹೇಳುತ್ತಿರುವುದು ಕರ್ನಾಟಕದ ಕೃಷಿ ಜಮೀನಿನ ವಿಷಯ.

ಯಾವ ಪತ್ರ ಅಂತ ಮೊದಲು ತೀರ್ಮಾನಿಸಿ

ಪಕ್ಕದವರಿಂದ ದುಡ್ಡು ಕೊಟ್ಟು ಜಾಗ ತೆಗೆದುಕೊಳ್ಳುವುದಾದರೆ ಕ್ರಯ ಪತ್ರ. ಜಾಗಕ್ಕೆ ಜಾಗ ಕೊಡುವುದಾದರೆ ವಿನಿಮಯ ಪತ್ರ, ಅಂದರೆ ನಾವು ಅದಲು ಬದಲು ಅನ್ನುವುದು. ಸುಮ್ನೆ ಕೊಟ್ಟರೆ ದಾನ ಪತ್ರ. ಆದರೆ ಮನೆಯವರಿಗೆ ದಾನ ಕೊಟ್ಟಾಗ ಸಿಗುವ ಶುಲ್ಕದ ರಿಯಾಯಿತಿ ಪಕ್ಕದ ಹೊಲದವರಿಗೆ ಕೊಟ್ಟಾಗ ಸಿಗುವುದಿಲ್ಲ. ಹಾಗಾಗಿ ಖರ್ಚು ಉಳಿಸಲು ದಾನದ ವೇಷ ಹಾಕಿ ಪ್ರಯೋಜನವಿಲ್ಲ.

ಒಮ್ಮೊಮ್ಮೆ ಜಾಗವೇ ಬೇಕಿರುವುದಿಲ್ಲ, ಗಾಡಿ ಹೋಗಲು ದಾರಿ ಇದ್ದರೆ ಸಾಕು. ಆಗ ನೆಲ ಕೊಳ್ಳುವುದು ಬೇಡ, ದಾರಿ ಹಕ್ಕಿನ ಪತ್ರ ಮಾಡಿಸಿ ನೋಂದಣಿ ಮಾಡಿಸಿ. ಎಷ್ಟು ಅಡಿ ಅಗಲ, ಎಲ್ಲಿಂದ ಎಲ್ಲಿಗೆ, ಟ್ರ್ಯಾಕ್ಟರ್ ಹೋಗಬಹುದೋ ಬರೀ ಕಾಲುದಾರಿಯೋ, ನೀರಿನ ಪೈಪು ಹೂಳಬಹುದೋ, ಎಲ್ಲ ಬರೆಸಿ. 1882ರ ಅನುಭೋಗ ಹಕ್ಕುಗಳ ಕಾಯ್ದೆ ಪ್ರಕಾರ, ಯಾರ ಅಪ್ಪಣೆಯನ್ನೂ ಕೇಳದೆ, ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದಲೇ 20 ವರ್ಷ ಓಡಾಡಿದ ದಾರಿಗೂ ಹಕ್ಕು ಬರುತ್ತದೆ. ಆದರೆ ಅದನ್ನು ಸಾಬೀತು ಮಾಡಲು ಸಿವಿಲ್ ಕೋರ್ಟ್ ಮೆಟ್ಟಿಲು ಹತ್ತಬೇಕು. ಊರಿನ ನಕಾಶೆಯನ್ನೂ ಒಮ್ಮೆ ತೆಗೆಸಿ ನೋಡಿ. ನೀವು ದುಡ್ಡು ಕೊಡಲು ಹೊರಟ ದಾರಿ ಅದರಲ್ಲಿ ಚುಕ್ಕೆ ಗೆರೆಯಾಗಿ ಮೊದಲೇ ಇರಬಹುದು.

ಕೆಲವರು ಕಿವಿಯಲ್ಲಿ ಹೇಳುತ್ತಾರೆ: "ಹಕ್ಕು ಬಿಡುಗಡೆ ಪತ್ರ ಮಾಡಿಸಿ, ಖರ್ಚು ಕಮ್ಮಿ." ಕೇಳಬೇಡಿ. ಅದು ಅಣ್ಣ ತಮ್ಮ, ಅಕ್ಕ ತಂಗಿಯರಂಥ ಪಾಲುದಾರರ ನಡುವೆ ನಡೆಯುವ ಪತ್ರ. ಜಮೀನಿನಲ್ಲಿ ಮೊದಲೇ ಪಾಲು ಇರುವವರ ಪರವಾಗಿ ಮಾತ್ರ ಬಿಡುಗಡೆ ಮಾಡಬಹುದು. ಪಕ್ಕದ ಹೊಲದವರು ಎಷ್ಟೇ ಬಳಕೆಯವರಾದರೂ ಪಾಲುದಾರರಲ್ಲ, ಅಲ್ವಾ? ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಕರಾರು, ಜನರಲ್ ಪವರ್ ಆಫ್ ಅಟಾರ್ನಿ, ಇವೂ ಅಷ್ಟೇ. ಜಿಪಿಎ ಮೇಲೆ ಮಾರಿದರೆ ಮಾಲೀಕತ್ವ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಖಡಾಖಂಡಿತವಾಗಿ ಹೇಳಿದೆ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಜಮೀನು ಕೈ ಬದಲಾಗಬೇಕಾದರೆ ನೋಂದಣಿ ಆದ ಪತ್ರವೇ ಬೇಕು. ಇದನ್ನು ಹೇಳುವ ಆಸ್ತಿ ವರ್ಗಾವಣೆ ಕಾಯ್ದೆಯೂ 1882ರದ್ದು, ಆ 100 ರೂಪಾಯಿಯೂ ಆ ಕಾಲದ್ದೇ!

ದಾಖಲೆ: ಪಕ್ಕದವರದ್ದು ಅಂತ ಸಲಿಗೆ ಬೇಡ

ಇಲ್ಲೇ ಎಲ್ಲರೂ ಸಂಕೋಚಪಡುವುದು. "ಪಕ್ಕದ ಅಣ್ಣನ ಹತ್ತಿರ ದಾಖಲೆ ಕೇಳೋದಾ? ಏನಂದುಕೊಳ್ತಾನೋ!" ನಾವು ಒಂದು ಉಪಾಯ ಮಾಡಿದೆವು. ನಮ್ಮ ದಾಖಲೆಯನ್ನು ಮೊದಲು ಅವರ ಕೈಗಿಟ್ಟು, "ನೀವು ನೋಡಿ, ನಿಮ್ಮದನ್ನ ನಾವು ನೋಡ್ತೀವಿ" ಅಂದೆವು. ಮುಜುಗರ ಅಲ್ಲಿಗೆ ಮುಗಿಯಿತು.

ಮೊದಲು ಪಹಣಿ. ಭೂಮಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ನಾಡಕಚೇರಿಯಲ್ಲೂ ಸಿಗುತ್ತದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಋಣ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ. 9ರಲ್ಲಿ ತೀರಿಕೊಂಡ ತಾತನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಬೇಕು. ಅದಿಲ್ಲದೆ ಮುಂದಕ್ಕೆ ಒಂದು ಹೆಜ್ಜೆಯೂ ಇಲ್ಲ. 11ರಲ್ಲಿ ಸಹಕಾರ ಸಂಘದ್ದೋ ಬ್ಯಾಂಕಿನದ್ದೋ ಸಾಲ ಕಂಡರೆ ತೀರಿಸಿ, ಬಾಕಿ ಇಲ್ಲ ಅನ್ನುವ ಬೇಬಾಕಿ ಪತ್ರ ತಂದು, ಆ ಸಾಲಿನ ನಮೂದು ತೆಗೆಸಬೇಕು. ಸಾಲ ತೀರಿಸಿದ ಮಾತ್ರಕ್ಕೆ ಪಹಣಿಯ ನಮೂದು ತಾನಾಗಿ ಹೋಗುತ್ತದೆ ಅಂದುಕೊಳ್ಳಬೇಡಿ. ಪಕ್ಕದವರ ಸಾಲ ತೀರಿ ಆರು ವರ್ಷವಾಗಿತ್ತು, ನಮೂದು ಹಾಗೇ ಕೂತಿತ್ತು.

ಖರಾಬು, ಅಂದರೆ ಸಾಗುವಳಿ ಲೆಕ್ಕಕ್ಕೆ ಸೇರದ ಜಾಗ, ಎಷ್ಟಿದೆ ಅಂತಲೂ ನೋಡಿ. 'ಅ' ಖರಾಬು ಅಂದರೆ ಬಂಡೆಯಂಥ ಸಾಗುವಳಿಗೆ ಬಾರದ ಜಾಗ. 'ಬ' ಖರಾಬು ಸಾರ್ವಜನಿಕರದ್ದು. ಓಣಿ, ಹಳ್ಳ, ಸ್ಮಶಾನ ಇಂಥವು. ಅದನ್ನು ಯಾರೂ ಮಾರುವಂತಿಲ್ಲ, ಬೇಲಿ ಯಾರದೇ ಇರಲಿ.

ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಉಪನೋಂದಣಿ ಕಚೇರಿಗೆ ಹೋಗಬೇಕು. ಕನಿಷ್ಠ 30 ವರ್ಷದ್ದು ತೆಗೆಸಿ.

ಜಮೀನು ಆ ಮನೆಗೆ ಹೇಗೆ ಬಂತು ಅಂತ ಕೇಳಲೇಬೇಕು. ಮುಖ್ಯವಾಗಿ ಸರ್ಕಾರ ಕೊಟ್ಟ ಮಂಜೂರಾತಿ ಜಮೀನಾ ಅಂತ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ, ಅಂದರೆ ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಅದಕ್ಕೇ 1978ರ ಪಿಟಿಸಿಎಲ್ ಕಾಯ್ದೆ ಇರುವುದು. 2023ರ ತಿದ್ದುಪಡಿಯ ನಂತರ ಅಂಥ ಜಮೀನು ವಾಪಸ್ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಅದಲು ಬದಲು ಆದರೂ ಅದು ಪರಭಾರೆಯೇ. ಬೇರೆಯವರಿಗೆ ಬಗರ್‌ಹುಕುಂನಲ್ಲಿ (ಅನುಮತಿ ಇಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿದ್ದು) ಬಂದಿದ್ದಾದರೆ, ಮಂಜೂರಾತಿ ಪತ್ರವಾದ ಸಾಗುವಳಿ ಚೀಟಿಯ ಷರತ್ತು ಪೂರ್ತಿ ಓದಿ, ಎಷ್ಟು ವರ್ಷ ಮಾರಬಾರದು ಅಂತ ಅದರಲ್ಲೇ ಇರುತ್ತದೆ. ಉಳುವವನೇ ಒಡೆಯ ಕಾಲದಲ್ಲಿ ಗೇಣಿದಾರರಿಗೆ ಬಂದ ಜಮೀನಿಗೂ 15 ವರ್ಷದ ನಿರ್ಬಂಧ ಇತ್ತು. ಹಾಗಾಗಿ ಆ ದಿನಾಂಕವನ್ನೂ ಹುಡುಕಿ.

ಇನ್ನೊಂದು, ಮನೆ ಹೆಣ್ಣುಮಕ್ಕಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 2005ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ತಂದಿತು, ನಮ್ಮ ರಾಜ್ಯದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಬಂದಿತ್ತು. ತಂದೆ ಬದುಕಿರಲಿ ಇಲ್ಲದಿರಲಿ ಪಾಲು ಇದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಇತ್ಯರ್ಥ ಮಾಡಿತು. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದರೂ ಅಕ್ಕ ತಂಗಿಯರ ಸಹಿ ಪತ್ರದಲ್ಲಿ ಬರಲಿ. ನನ್ನ ಅತ್ತೆ ಇಬ್ಬರೂ ಬಂದು ಸಹಿ ಹಾಕಿದರು. ಒಬ್ಬರು, "ಇಷ್ಟು ವರ್ಷ ಆದ್ಮೇಲೆ ಕೇಳಿದ್ರಲ್ಲ, ಅಷ್ಟೇ ಸಾಕು" ಅಂದರು. ಪಾಲುದಾರರು ಯಾರಾದರೂ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಗುವಿನ ಹೆಸರಲ್ಲಿ ಪಾಲು ಇದ್ದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಅಳತೆ: 11ಇ ನಕ್ಷೆ

ಸರ್ವೆ ನಂಬರಿನ ಪೂರ್ತಿ ಜಮೀನು ಕೊಟ್ಟು ತೆಗೆದುಕೊಂಡರೆ ಕೆಲಸ ಸಲೀಸು. ಆದರೆ ಪಕ್ಕಪಕ್ಕದವರ ವ್ಯವಹಾರ ಯಾವಾಗಲೂ ತುಂಡಿನದ್ದೇ. ಮೂಲೆ, ಪಟ್ಟಿ, ಕೋಡು. ಒಂದು ಸರ್ವೆ ನಂಬರಿನ ಒಂದು ಭಾಗ ನೋಂದಣಿ ಆಗಬೇಕಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಸರ್ವೆಯವರು ಕೊಡುವ ನಕ್ಷೆ, ಬೇಕು. ಅದಿಲ್ಲದಿದ್ದರೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ನಮ್ಮ ಮೂರು ತಿಂಗಳು ಹೋಗಿದ್ದು ಇಲ್ಲೇ.

ಜಾಗ ಕೊಡುವವರು ಅರ್ಜಿ ಹಾಕಬೇಕು. ಅದಲು ಬದಲಾದರೆ ಇಬ್ಬರೂ ಕೊಡುವವರೇ, ಹಾಗಾಗಿ ಎರಡು ಅರ್ಜಿ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಆನ್‌ಲೈನ್ ಹಾಕಬಹುದು, ನಾಡಕಚೇರಿಯಲ್ಲೂ ಕೊಡಬಹುದು. ಪಹಣಿಯಲ್ಲಿ ಜಂಟಿ ಹೆಸರುಗಳಿದ್ದರೆ ಎಲ್ಲರ ಒಪ್ಪಿಗೆ ಬೇಕು. ತೀರಾ ಸಣ್ಣ ತುಂಡಿಗೆ ನಕ್ಷೆ ಕೊಡಲು ತಕರಾರು ಬರುತ್ತದೆ. ಕೃಷಿ ಜಮೀನನ್ನು ಸೈಟಿನ ಹಾಗೆ ಕತ್ತರಿಸಿ ಮಾರುವುದನ್ನು ತಡೆಯಲು ಮಾಡಿದ ನಿಯಮ ಅದು. ನಿಮ್ಮದು ಎರಡು ಮೂರು ಗುಂಟೆಯ ವಿಷಯವಾದರೆ ಅರ್ಜಿಗೆ ಮುಂಚೆಯೇ ತಾಲ್ಲೂಕು ಸರ್ವೆ ಶಾಖೆಯಲ್ಲಿ ಕೇಳಿಕೊಳ್ಳಿ.

ಅಳತೆಯ ದಿನ ಎರಡೂ ಮನೆಯ ಹಿರಿಯರು ಹೊಲದಲ್ಲಿ ಇರಲಿ. ಸುತ್ತಲಿನ ಹೊಲದವರೂ ಬರಲಿ. ನಮ್ಮಲ್ಲಿ ಭೂಮಾಪಕರು ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಕೈಯಲ್ಲಿ ಹಳೇ ಟಿಪ್ಪಣಿಯ, ಅಂದರೆ ಹಿಂದಿನ ಸರ್ವೆಯ ಅಳತೆ ಚಿತ್ರದ, ನಕಲು. ಅದರಲ್ಲಿ ಅಳತೆ ಚೈನು ಮತ್ತು ಆಣೆಯಲ್ಲಿತ್ತು. ಒಂದು ಚೈನು 33 ಅಡಿ, ಅದರಲ್ಲಿ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ, 1,089 ಚದರಡಿ. ಗುಂಟೆಗೂ 16 ಆಣೆ. 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ತಲೆಯಲ್ಲಿದ್ದರೆ ಅವತ್ತು ಏನು ನಡೆಯುತ್ತಿದೆ ಅಂತ ನಿಮಗೂ ಅರ್ಥವಾಗುತ್ತದೆ.

ಟಿಪ್ಪಣಿಯ ಪ್ರಕಾರ ಮೂಲೆಯಲ್ಲಿ ಗಡಿ ತೋರಿಸುವ ಬಾಂದು ಕಲ್ಲು ಇರಬೇಕಿತ್ತು. ನೆಲದ ಮೇಲೆ ಲಂಟಾನ ಪೊದೆ ಬಿಟ್ಟರೆ ಏನೂ ಇಲ್ಲ. ಎರಡು ಕಡೆಯಿಂದ ಅಳೆದು ಒಂದು ಜಾಗ ಗುರುತು ಮಾಡಿ, "ಇಲ್ಲಿ ಅಗೀರಿ" ಅಂದರು. ಪಕ್ಕದ ಮನೆ ಅಜ್ಜಿ ಒಪ್ಪಲಿಲ್ಲ. "ಅಲ್ಲಲ್ಲ, ಇನ್ನೂ ಈಚೆಗೆ. ನಾನು ಮದುವೆಯಾಗಿ ಬಂದಾಗ ಅದರ ಮೇಲೆ ಬುತ್ತಿ ಇಡ್ತಿದ್ದೆ" ಅಂದರು. ಅಜ್ಜಿ ತೋರಿಸಿದ ಕಡೆ ಹಾರೆ ಹಾಕಿದೆವು. ಎರಡಡಿ ಕೆಳಗೆ ಠಣ್ ಅಂತು! ಭೂಮಾಪಕರು ಗುರುತು ಮಾಡಿದ್ದಕ್ಕೂ ಕಲ್ಲು ಸಿಕ್ಕಿದ್ದಕ್ಕೂ ಒಂದೂವರೆ ಅಡಿ ವ್ಯತ್ಯಾಸ. ಅವರೇ ನಗುತ್ತಾ ಕಲ್ಲಿನಿಂದ ಮತ್ತೆ ಅಳೆದರು.

ಕೊನೆಗೆ ಬಂದ ಲೆಕ್ಕ ನೋಡಿ. ತಾತಂದಿರು "ಎಂಟಕ್ಕೆ ಎಂಟು, ಸಮಾ" ಅಂದಿದ್ದರು. ನಾವು ಕೊಟ್ಟಿದ್ದು 8 ಗುಂಟೆ ಸರಿಯಾಗಿತ್ತು. ನಮಗೆ ಬಂದಿದ್ದು 6 ಗುಂಟೆ 12 ಆಣೆ. ಪತ್ರವನ್ನು ಮೊದಲೇ ಬರೆಸಿದ್ದರೆ ಎರಡೂ ಕಡೆ 8 ಅಂತ ಬರೆಸಿ ಸಿಕ್ಕಿಹಾಕಿಕೊಳ್ಳುತ್ತಿದ್ದೆವು. ಫೋನಿನ ದಿಶಾಂಕ್ ಆ್ಯಪ್‌ನಲ್ಲಿ ಗಡಿ ಕಾಣುತ್ತದಲ್ಲ ಅಂತ ಕೇಳಬಹುದು. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ತಿಳಿಯಲು ಅದು ಚೆನ್ನಾಗಿದೆ. ಬದು ಎಲ್ಲಿ ಅಂತ ತೀರ್ಮಾನಿಸಲು ಅಲ್ಲ.

ಪತ್ರದಲ್ಲಿ ಏನಿರಬೇಕು

ಪತ್ರ ಬರಹಗಾರರ ಹತ್ತಿರ ಹಳೇ ನಮೂನೆ ಇರುತ್ತದೆ. "ನಿಧಿ ನಿಕ್ಷೇಪ ಜಲ ತರು ಪಾಷಾಣ" ಅಂತ ಶಾಸನಗಳ ಕಾಲದಿಂದ ಬಂದ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಓದಲು ಸೊಗಸು, ಇರಲಿ. ಆದರೆ ಕೊಳವೆಬಾವಿ ಯಾರದು, ಅದರ ವಿದ್ಯುತ್ ಸಂಪರ್ಕದ ಆರ್‌.ಆರ್‌. ನಂಬರ್ ಯಾವುದು, ಎಷ್ಟು ತೆಂಗಿನ ಮರ, ಪೈಪು ಎಲ್ಲಿ ಹಾಯ್ದಿದೆ ಅನ್ನುವುದನ್ನು ಆ ಸಾಲು ಹೇಳುವುದಿಲ್ಲ. ಬೇರೆಯಾಗಿ ಬರೆಸಿ.

ಚೆಕ್ಕುಬಂದಿ ಬಗ್ಗೆ ತುಸು ಎಚ್ಚರ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ ಬರೆಯುವಾಗ ಹಳೇ ಪತ್ರದ್ದನ್ನು ಹಾಗೇ ಇಳಿಸಿಬಿಡುತ್ತಾರೆ. ತುಂಡು ಬೇರೆಯಾದ ಮೇಲೆ ಅದರ ಒಂದು ಮಗ್ಗುಲಿಗೆ 'ಇದೇ ಸರ್ವೆ ನಂಬರಿನಲ್ಲಿ ಬರೆದುಕೊಡುವವರಿಗೆ ಉಳಿದ ಜಮೀನು' ಬರುತ್ತದೆ, ಇನ್ನೊಂದು ಮಗ್ಗುಲಿಗೆ ಬಹಳ ಸಲ ತೆಗೆದುಕೊಳ್ಳುವವರದೇ ಹಳೇ ಜಮೀನು ಬರುತ್ತದೆ. 11ಇ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕೂ ದಿಕ್ಕು ಬೆರಳಿಟ್ಟು ತಾಳೆ ನೋಡಿ. ನಮ್ಮ ಮೊದಲ ಕರಡಿನಲ್ಲಿ ಉತ್ತರ ದಕ್ಷಿಣ ಅದಲು ಬದಲಾಗಿತ್ತು. ಕಂಡುಹಿಡಿದಿದ್ದು ಡಿಗ್ರಿ ಓದುತ್ತಿರುವ ಅವರ ಮನೆಯ ಹುಡುಗಿ.

ವ್ಯತ್ಯಾಸಕ್ಕೆ ಹಣ ಕೊಡುವುದಾದರೆ ಅದನ್ನೂ ಪತ್ರದಲ್ಲಿ ಕಾಣಿಸಿ. ನಮಗೆ 1 ಗುಂಟೆ 4 ಆಣೆಯ ದುಡ್ಡು ಅವರು ಕೊಟ್ಟರು, ಬ್ಯಾಂಕ್ ಮೂಲಕ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆದರೆ ಆದಾಯ ತೆರಿಗೆಯವರು ಪಡೆದಷ್ಟೇ ಮೊತ್ತವನ್ನು ದಂಡ ಹಾಕಬಹುದು. ವಿನಿಮಯದಲ್ಲಿ ಇನ್ನೊಂದು ರಕ್ಷಣೆಯೂ ಇದೆ. ಅವರು ಕೊಟ್ಟ ಜಾಗದ ಹಕ್ಕಿನಲ್ಲಿ ದೋಷವಿದ್ದು ಅದು ನಿಮ್ಮ ಕೈತಪ್ಪಿದರೆ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ನಷ್ಟ ತುಂಬಿಕೊಡಿ ಅಂತ ಕೇಳಬಹುದು. ಇಲ್ಲವೇ ನೀವು ಕೊಟ್ಟ ಜಾಗ ಇನ್ನೂ ಅವರ ಬಳಿಯೇ ಇದ್ದರೆ ವಾಪಸ್ ಕೇಳಬಹುದು.

ಖರ್ಚು ಮತ್ತು ನೋಂದಣಿ

ಕ್ರಯಕ್ಕೆ ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಹಳ್ಳಿಯ ಜಮೀನಿಗೆ 5.65% ಆಗುತ್ತದೆ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ. ನೀವು ಬರೆದ ಬೆಲೆ, ಸರ್ಕಾರದ ಮಾರ್ಗಸೂಚಿ ದರ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ.

ಅದಲು ಬದಲಿನಲ್ಲಿ ಎರಡು ಆಸ್ತಿಗಳಲ್ಲಿ ಯಾವುದರ ಬೆಲೆ ಜಾಸ್ತಿಯೋ ಅದರ ಮೇಲೆ ಮಾತ್ರ ಮುದ್ರಾಂಕ ಶುಲ್ಕ. ಗುಂಟೆಗೆ 50,000 ರೂಪಾಯಿ ಅಂದುಕೊಳ್ಳಿ. ನಮ್ಮ 8 ಗುಂಟೆ 4 ಲಕ್ಷ, ಅವರದು 3,37,500. ವಿನಿಮಯ ಪತ್ರವಾದರೆ 4 ಲಕ್ಷದ ಮೇಲೆ ಸುಮಾರು 22,600. ಅದನ್ನೇ ಎರಡು ಕ್ರಯ ಪತ್ರ ಮಾಡಿದರೆ ಎರಡಕ್ಕೂ ಕಟ್ಟಬೇಕು, ಸುಮಾರು 41,700. "ಎರಡು ಕ್ರಯ ಮಾಡಿಬಿಡಿ, ಸುಲಭ" ಅಂತ ನಮಗೊಬ್ಬರು ಹೇಳಿದ್ದರು. ಯಾರಿಗೆ ಸುಲಭವೋ ಗೊತ್ತಿಲ್ಲ.

ನೋಂದಣಿಗೆ ಈಗ ಕಾವೇರಿ 2.0. ವಿವರ ತುಂಬಿ ಕರಡು ಹಾಕಿದರೆ ಉಪನೋಂದಣಿ ಕಚೇರಿಯವರು ನೋಡಿ ಒಪ್ಪುತ್ತಾರೆ, ಇಲ್ಲ ತಿದ್ದಲು ವಾಪಸ್ ಕಳಿಸುತ್ತಾರೆ. ಒಪ್ಪಿದ ಮೇಲೆ ಶುಲ್ಕ ಕಟ್ಟಿ ದಿನ, ಸಮಯ ಆರಿಸಿಕೊಳ್ಳುವುದು. ಸಹಿ ಹಾಕಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಆಧಾರ್, ಪ್ಯಾನ್ ಇಲ್ಲವೇ ಪ್ಯಾನ್ ಇಲ್ಲದವರು ಕೊಡುವ ಘೋಷಣೆ, ಇಬ್ಬರು ಸಾಕ್ಷಿಗಳು ಇರಲಿ. ಹೊಲದಲ್ಲಿ ದುಡಿದವರ ಹೆಬ್ಬೆಟ್ಟು ಯಂತ್ರಕ್ಕೆ ಬೇಗ ಸಿಗುವುದಿಲ್ಲ. ನಮ್ಮ ದೊಡ್ಡಪ್ಪನ ಬೆರಳು ಏಳನೇ ಸಲಕ್ಕೆ ಬಂತು. ಅವರ ಹಿಂದೆ ಕ್ಯೂ ನಿಂತಿದ್ದವರೆಲ್ಲ ಒಂದೊಂದು ಉಪಾಯ ಹೇಳುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡಿದ್ದು ಕೆಲಸ ಮಾಡಿತು.

ಊರೊಳಗಿನ ಸೈಟುಗಳ ಮಾತು ಬೇರೆ. ಅಲ್ಲಿ ಪಹಣಿ ಬದಲು ಇ-ಖಾತಾ, ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ. ಅನುಮೋದಿತ ಬಡಾವಣೆಯ ಸೈಟಿನಿಂದ ಮೂರಡಿ ಪಟ್ಟಿ ಕತ್ತರಿಸಿ ಪಕ್ಕದವರಿಗೆ ಕೊಡಬೇಕಾದರೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು.

ಖಾತೆ ಬದಲಾಗುವವರೆಗೆ ಬಿಡಬೇಡಿ

ನೋಂದಣಿ ಆದ ವಿವರ ಕಾವೇರಿಯಿಂದ ಭೂಮಿ ವ್ಯವಸ್ಥೆಗೆ ತಾನಾಗಿ ಹೋಗಿ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ, ಶುರುವಾಗುತ್ತದೆ. ಹಿಂದೆ ಆಕ್ಷೇಪಣೆಗೆ 30 ದಿನ ಕಾಯಬೇಕಿತ್ತು, ಈಗ ಆ ಅವಧಿ ಇಳಿಸಿದ್ದಾರೆ. ಯಾರಾದರೂ ತಕರಾರು ಕೊಟ್ಟರೆ ಪ್ರಕರಣ ತಹಶೀಲ್ದಾರರ ಮುಂದೆ ಹೋಗುತ್ತದೆ, ಅವರ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಅದಲು ಬದಲಿನಲ್ಲಿ ಎರಡು ಕಡೆಯೂ ಖಾತೆ ಬದಲಾಗಬೇಕು. ನಮ್ಮದು ಒಂದು ಕಡೆ ಮಾತ್ರ ಆಗಿ, ಇನ್ನೊಂದು ಕಡೆ ನಿಂತುಬಿಟ್ಟಿತ್ತು. ಎರಡು ತಿಂಗಳು ಯಾರೂ ನೋಡಲಿಲ್ಲ, ನಾವೂ ನೋಡಲಿಲ್ಲ. ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಮ್ಯುಟೇಷನ್ ನಂಬರ್ ಬರೆಸಿಕೊಂಡು ಹಿಂದೆ ಬಿದ್ದ ಮೇಲೆ ಆಯಿತು.

ಹೊಸ ಪಹಣಿಗಳು ಬಂದಾಗ ನಾಲ್ಕನ್ನೂ ಒಟ್ಟಿಗೆ ಹರಡಿಕೊಂಡು ಕೂರಿ: ಎರಡು ಕೊಟ್ಟ ತುಂಡುಗಳದ್ದು, ಎರಡು ಉಳಿದ ಜಮೀನಿನದ್ದು. ತುಂಡಿಗೆ ಕೊಡುವ ಹೊಸ ಹಿಸ್ಸಾ ನಂಬರ್ ಬಂತಾ, ಹಳೇ ವಿಸ್ತೀರ್ಣದಿಂದ ಕೊಟ್ಟಷ್ಟು ಕಳೆದಿದೆಯಾ, ಖರಾಬು ಯಾವ ತುಂಡಿಗೆ ಹೋಯಿತು, ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ನೋಡಿ. ಕೂಡಿಸಿದರೆ ಹಳೇ ಮೊತ್ತವೇ ಬರಬೇಕು.

ಆಮೇಲೆ ಕೊಳವೆಬಾವಿಯ ವಿದ್ಯುತ್ ಸಂಪರ್ಕದ ಹೆಸರು ಬದಲಾಯಿಸಲು ಅರ್ಜಿ. ಆಮೇಲೆ ಕಲ್ಲು. ನಕ್ಷೆಯಲ್ಲಿ ಗುರುತಾದ ಮೂಲೆಗಳಲ್ಲಿ ಎರಡೂ ಮನೆಯವರು ಸೇರಿ ಕಲ್ಲು ನೆಟ್ಟೆವು. ನೆಲದ ಮೇಲೆ ಒಂದಡಿ ಕಾಣುವ ಹಾಗೆ, ಟ್ರ್ಯಾಕ್ಟರ್ ತಿರುಗುವಾಗ ತಗುಲದ ಹಾಗೆ. ಫೋನಿನಲ್ಲಿ ಫೋಟೋ ತೆಗೆದು ಎರಡೂ ಮನೆಯವರೂ ಇಟ್ಟುಕೊಂಡಿದ್ದೇವೆ. ಅಜ್ಜಿ ಹೇಳಿದ ಹಳೇ ಬಾಂದು ಕಲ್ಲನ್ನು ಕೀಳಲಿಲ್ಲ. ಸುತ್ತ ಮಣ್ಣು ತೆಗೆದು ಸುಣ್ಣ ಬಳಿದಿದ್ದೇವೆ, ಈಗಲೂ ಅಜ್ಜಿ ಅದರ ಮೇಲೆಯೇ ಕೂರುತ್ತಾರೆ.